ಸಿಮ್ ಯಾರ ಹೆಸರಲ್ಲಿದೆ? ಸಣ್ಣ ಕಂಪನಿಯ ಮೊಬೈಲ್ ಬಿಲ್ಲಿನ ಲೆಕ್ಕ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಕಂಪನಿಗೆ ನಾನು ಲೆಕ್ಕ ಬರೆಯುತ್ತೇನೆ. ಇಬ್ಬರೇ ಡೈರೆಕ್ಟರು, ಭಾವ ಮತ್ತು ಮೈದುನ. ಮೊದಲು ಪಾರ್ಟ್‌ನರ್‌ಶಿಪ್ ಇತ್ತು. ಆಮೇಲೆ ಬ್ಯಾಂಕಿನವರು ಹೇಳಿದರು ಅಂತ ಪ್ರೈವೇಟ್ ಲಿಮಿಟೆಡ್ ಮಾಡಿಸಿದರು. ಒಂದು ಬೆಳಿಗ್ಗೆ ಭಾವ ಬಂದು ನನ್ನ ಮೇಜಿನ ಮೇಲೆ ಹೊಸ ಫೋನಿನ ಡಬ್ಬಿ ಇಟ್ಟರು.

"ಇದನ್ನ ಕಂಪನಿ ಲೆಕ್ಕಕ್ಕೆ ಹಾಕಿಬಿಡಿ ಸಾರ್. ತಿಂಗಳ ಬಿಲ್ಲೂ ಇನ್ಮೇಲೆ ಕಂಪನಿನೇ ಕಟ್ಟಲಿ."

ಬಿಲ್ ತೆಗೆದು ನೋಡಿದೆ. ಭಾವನ ಹೆಸರು, ಮನೆಯ ವಿಳಾಸ. ಹಣ ಕೊಟ್ಟದ್ದು ನಗದು. ಒಳಗಿನ ಸಿಮ್ ಮೈದುನನ ಆಧಾರ್ ಮೇಲೆ ತೆಗೆದದ್ದು. ಕಂಪನಿ ಅನ್ನೋ ಪದ ಎಲ್ಲೂ ಇರಲಿಲ್ಲ. ಹಾಗಂತ ಹೇಳಿದೆ.

"ಅಯ್ಯೋ, ಕಂಪನಿ ನಮ್ದೇ ಅಲ್ವಾ?"

ತೊಡಕು ಇರುವುದು ಈ ಮಾತಿನಲ್ಲೇ. ಒಬ್ಬರೇ ನಡೆಸುವ ಅಂಗಡಿಯಾದರೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಮಾಲೀಕನ ಜೇಬೂ ಕಾನೂನಿನ ಕಣ್ಣಿಗೆ ಒಂದೇ. ಪ್ರೈವೇಟ್ ಲಿಮಿಟೆಡ್ ಹಾಗಲ್ಲ. ಭಾವ ಒಬ್ಬ, ಮೈದುನ ಒಬ್ಬ, ಕಂಪನಿ ಅನ್ನೋ ಮೂರನೆಯವನೊಬ್ಬ. ಅವನಿಗೆ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ, ಬೇರೆ ಜಿಎಸ್‌ಟಿ ನಂಬರ್. ಭಾವ ತನಗಾಗಿ ಕೊಂಡ ಫೋನು ಮೂರನೆಯವನದ್ದು ಹೇಗಾಗುತ್ತದೆ? ಮಾಡಿಸಬಹುದು, ಆದರೆ ಕಾಗದ ಅವನ ಹೆಸರಿಗೆ ಬರಬೇಕು.

ಇಲ್ಲಿ ಒಂದು ಮಾತು. ಗೂಗಲ್‌ನಲ್ಲಿ ಈ ವಿಷಯ ಹುಡುಕಿದರೆ ಬರುವ ಸಲಹೆಗಳಲ್ಲಿ ಬಹಳಷ್ಟು ಇಂಗ್ಲೆಂಡಿನವು. ಅಲ್ಲಿ ಫೋನು, ಸಿಮ್ಮು ಎರಡೂ ಸೇರಿ ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ ಸಿಗುತ್ತವೆ. ಕಾಂಟ್ರಾಕ್ಟು ಕಂಪನಿಯ ಹೆಸರಲ್ಲೇ ಇದ್ದರೆ ಒಬ್ಬ ನೌಕರನಿಗೆ ಒಂದು ಫೋನನ್ನು ತೆರಿಗೆ ಇಲ್ಲದೆ ಕೊಡಬಹುದು. ನೌಕರನ ಹೆಸರಲ್ಲಿದ್ದು ಕಂಪನಿ ಬಿಲ್ ಕಟ್ಟಿದರೆ ಲೆಕ್ಕವೇ ಬೇರೆ. ನಮ್ಮಲ್ಲಿ ಅಂಥ ಕಾಂಟ್ರಾಕ್ಟು ಕಡಿಮೆ. ಸೆಟ್ ಒಂದು ಕಡೆ, ಸಿಮ್ ಒಂದು ಕಡೆ. ಹಾಗಾಗಿ ನಾವು ನೋಡಬೇಕಾದ ಕಾಗದ ಮೂರು: ಸೆಟ್ಟಿನ ಬಿಲ್, ತಿಂಗಳ ಬಿಲ್, ಸಿಮ್‌ನ ಕೆವೈಸಿ. ಮೂರರಲ್ಲೂ ಯಾರ ಹೆಸರಿದೆ ಅನ್ನೋದೇ ಪ್ರಶ್ನೆ.

ಉಳಿಯುವುದು ಎಷ್ಟು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಅದಕ್ಕೆ ಲೆಕ್ಕವನ್ನೇ ಹಾಕಿಬಿಡೋಣ.

ತಿಂಗಳಿಗೆ ₹500ರ ಪೋಸ್ಟ್‌ಪೇಯ್ಡ್ ಪ್ಲಾನ್ ಅಂತ ಇಟ್ಟುಕೊಳ್ಳಿ. ಮೊಬೈಲ್ ಸೇವೆಗೆ ಜಿಎಸ್‌ಟಿ 18%, ಅಂದರೆ ₹90. ತಿಂಗಳಿಗೆ ₹590, ವರ್ಷಕ್ಕೆ ₹7,080. ಅದರಲ್ಲಿ ಜಿಎಸ್‌ಟಿ ಪಾಲು ₹1,080.

ಬಿಲ್ ಕಂಪನಿಯ ಹೆಸರಲ್ಲಿದ್ದು, ಮೇಲೆ ಕಂಪನಿಯ ಜಿಎಸ್‌ಟಿ ನಂಬರ್ ಇದ್ದರೆ ಆ ₹1,080 ಇನ್‌ಪುಟ್ ಆಗಿ ವಾಪಸ್ ಸಿಗುತ್ತದೆ. ಕಂಪನಿ ತನ್ನ ಮಾಲಿನ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಡಿಮೆ ಕಟ್ಟುತ್ತದೆ. ಉಳಿದ ₹6,000 ಕಂಪನಿಯ ಖರ್ಚು. ಕಂಪನಿ 22% ದರವನ್ನು ಆರಿಸಿಕೊಂಡಿದ್ದರೆ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಆದಾಯ ತೆರಿಗೆ 25.168% ಬೀಳುತ್ತದೆ. ₹6,000 ಖರ್ಚು ತೋರಿಸಿದರೆ ಸುಮಾರು ₹1,510 ತೆರಿಗೆ ಕಡಿಮೆ. ಎರಡೂ ಕೂಡಿಸಿದರೆ ₹2,590.

ಇನ್ನೊಂದು ದಾರಿ ಇದೆ. ಸಿಮ್, ಬಿಲ್ ಎಲ್ಲ ಡೈರೆಕ್ಟರ್ ಹೆಸರಲ್ಲೇ ಇರಲಿ. ಅವರು ಬಿಲ್ ಕಟ್ಟಿ, ಆ ಬಿಲ್ ತೋರಿಸಿ ಕಂಪನಿಯಿಂದ ಹಣ ತೆಗೆದುಕೊಳ್ಳಲಿ. ಕಂಪನಿಯ ಕೆಲಸಕ್ಕೆ ಬಳಸಿದ್ದಾದರೆ ಇದೂ ಖರ್ಚೇ. ಇನ್‌ಪುಟ್ ಮಾತ್ರ ಸಿಗುವುದಿಲ್ಲ. ಆದರೆ ಪೂರ್ತಿ ₹7,080 ಖರ್ಚಿಗೆ ಹೋಗುವುದರಿಂದ ಆದಾಯ ತೆರಿಗೆಯಲ್ಲಿ ₹1,782 ಉಳಿಯುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ವರ್ಷಕ್ಕೆ ₹808. ತಿಂಗಳಿಗೆ 67 ರೂಪಾಯಿ. ಇಬ್ಬರು ಒಗ್ಗರಣೆ-ಮಿರ್ಚಿ ತಿಂದರೆ ಮುಗಿಯಿತು.

ಇದನ್ನು ತೋರಿಸಿದಾಗ ಭಾವನ ಮುಖ ಸಪ್ಪಗಾಯಿತು. "ಇಷ್ಟೇನಾ?" ಅಂದರು. ಒಂದು ನಂಬರಿಗೆ ಇಷ್ಟೇ. ಹತ್ತು ಜನ ಸೇಲ್ಸ್‌ನವರಿದ್ದರೆ ಎಂಟು ಸಾವಿರ ಆಗುತ್ತದೆ, ಆಗ ಗಮನ ಕೊಡಬೇಕು. ಕಂಪನಿ ನಷ್ಟದಲ್ಲಿದ್ದರೆ ಆದಾಯ ತೆರಿಗೆಯ ಪಾಲು ಸದ್ಯಕ್ಕೆ ಸೊನ್ನೆ. ಹಾಗಾದರೆ ಕಂಪನಿ ಹೆಸರಿಗೆ ಯಾಕೆ ಮಾಡಿಸಬೇಕು? ಅದಕ್ಕೆ ತೆರಿಗೆಗಿಂತ ದೊಡ್ಡ ಕಾರಣ ಇದೆ. ಆಮೇಲೆ ಬರುತ್ತೇನೆ.

ಇನ್‌ಪುಟ್ ಕೈತಪ್ಪುವ ದಾರಿಗಳು

ಇದರಲ್ಲಿ ನಾನೇ ಒಮ್ಮೆ ಜಾರಿದ್ದೇನೆ. ಬೇರೊಂದು ಕಂಪನಿಗೆ ನಾಲ್ಕು ಪೋಸ್ಟ್‌ಪೇಯ್ಡ್ ನಂಬರ್ ಮಾಡಿಸಿದ್ದೆವು. ಬಿಲ್ ಮೇಲೆ ಕಂಪನಿ ಹೆಸರು ಸರಿಯಾಗಿಯೇ ಇತ್ತು. ಅರ್ಜಿಯಲ್ಲಿ ಜಿಎಸ್‌ಟಿ ನಂಬರ್ ಬರೆದುಕೊಟ್ಟಿದ್ದೆ, ಮೊಬೈಲ್ ಸೇವೆಯವರು ಸಿಸ್ಟಮ್‌ಗೆ ಹಾಕಿರಲಿಲ್ಲ. ನಾನು ನೋಡಲಿಲ್ಲ. ನಾಲ್ಕು ನಂಬರು, ತೊಂಬತ್ತು ರೂಪಾಯಿ, ಹನ್ನೊಂದು ತಿಂಗಳು. ₹3,960 ಹೋಯಿತು. ಹಳೇ ಬಿಲ್‌ಗಳನ್ನು ತಿದ್ದಿಕೊಡಲು ಅವರು ಒಪ್ಪಲಿಲ್ಲ.

ಬಿಲ್ ಮೇಲೆ ನಂಬರ್ ಇದ್ದರಷ್ಟೇ ಸಾಲದು. ಪ್ರತಿ ತಿಂಗಳು 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಅನ್ನೋ ಸ್ಟೇಟ್‌ಮೆಂಟ್ ತಯಾರಾಗುತ್ತದೆ. ನಿಮಗೆ ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳೆಲ್ಲ ಅಲ್ಲಿ ಕಾಣುತ್ತವೆ. ಅದರಲ್ಲಿ ಇಲ್ಲದ ಬಿಲ್ಲಿಗೆ ಇನ್‌ಪುಟ್ ಇಲ್ಲ. ಒಂದು ಹಣಕಾಸು ವರ್ಷದ ಬಿಲ್ಲಿನ ಇನ್‌ಪುಟ್ ತೆಗೆದುಕೊಳ್ಳಲು ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಕೊನೆ. ಅಷ್ಟರೊಳಗೆ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಅದೇ ಕೊನೆ. ಹೊಸ ಕನೆಕ್ಷನ್ ಮಾಡಿಸಿದ ಮೊದಲ ಎರಡು ತಿಂಗಳು ಸುಮ್ನೆ ಒಮ್ಮೆ 2ಬಿ ತೆರೆದು ನೋಡಿ. ಬಂದಿದ್ದರೆ ಸಾಮಾನ್ಯವಾಗಿ ಮುಂದೆಯೂ ಬರುತ್ತದೆ.

ಪ್ರಿಪೇಯ್ಡ್ ಆದರೆ ಇನ್‌ಪುಟ್‌ನ ಆಸೆ ಬಿಡುವುದೇ ಒಳ್ಳೆಯದು. ನಾವು ಕರೆನ್ಸಿ ಹಾಕಿಸುವುದು ಆ್ಯಪಿನಲ್ಲಿ ಅಥವಾ ಮೂಲೆ ಅಂಗಡಿಯಲ್ಲಿ. ಅಲ್ಲಿ ಸಿಗುವ ರಸೀದಿಯಲ್ಲಿ ಸಾಮಾನ್ಯವಾಗಿ ಕಂಪನಿಯ ಹೆಸರೂ ಇರುವುದಿಲ್ಲ, ಜಿಎಸ್‌ಟಿ ನಂಬರೂ ಇರುವುದಿಲ್ಲ. ಖರ್ಚಿಗೆ ಆಧಾರ ಆಗುತ್ತದೆ, ಅಷ್ಟೇ.

ನಮ್ಮಂಥ ಗಡಿ ಜಿಲ್ಲೆಯವರಿಗೆ ಇನ್ನೊಂದು ತೊಡಕು ಇದೆ. ಬಳ್ಳಾರಿಯ ಜೀನ್ಸ್‌ನವರಿಗೆ ರಾಯದುರ್ಗ, ಗುಂತಕಲ್ಲು ಪಕ್ಕದ ಮನೆ ಇದ್ದ ಹಾಗೆ. ರಾಯಚೂರಿನವರಿಗೆ ಹೈದರಾಬಾದ್ ಹಾಗೆ. ಸಂಬಂಧಿಕರ ಊರಲ್ಲಿ ತೆಗೆದ ನಂಬರನ್ನೇ ವರ್ಷಾನುಗಟ್ಟಲೆ ಬಳಸುವವರು ಬೇಕಾದಷ್ಟು ಜನ. ಪೋಸ್ಟ್‌ಪೇಯ್ಡ್‌ನಲ್ಲಿ ಜಿಎಸ್‌ಟಿ ಯಾವ ರಾಜ್ಯಕ್ಕೆ ಅನ್ನೋದನ್ನು ನಿರ್ಧರಿಸುವುದು ಬಿಲ್ಲಿಂಗ್ ವಿಳಾಸ. ಅದು ರಾಯದುರ್ಗದ್ದಾದರೆ ಬಿಲ್ಲಿನಲ್ಲಿ ಆಂಧ್ರದ ತೆರಿಗೆ ಬೀಳುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಅದರ ಇನ್‌ಪುಟ್ ಸಿಗುವುದಿಲ್ಲ. ಕೇಂದ್ರದ ಪಾಲಾದ 9% ಕೂಡ ಇಲ್ಲ. ವಿಳಾಸ ಬದಲಿಸಿದರೆ ಸರಿಹೋಗುತ್ತದೆ.

ಗಂಗಾವತಿಯ ರೈಸ್‌ಮಿಲ್‌ನವರಿಗೆ ಲೆಕ್ಕ ಇನ್ನೂ ಬೇರೆ. ಲೇಬಲ್ ಹಾಕಿದ, 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ. ಬಿಡಿ ಅಕ್ಕಿಗೆ ಇಲ್ಲ. ತೆರಿಗೆ ಇಲ್ಲದ ಮಾರಾಟ ಎಷ್ಟು ಪಾಲು ಇದೆಯೋ ಫೋನ್ ಬಿಲ್ಲಿನ ಇನ್‌ಪುಟ್‌ನಲ್ಲೂ ಅಷ್ಟು ಪಾಲು ಬಿಡಬೇಕು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗಂತೂ ಇನ್‌ಪುಟ್ ಮಾತೇ ಇಲ್ಲ.

ಸೆಟ್ಟಿನ ಕತೆ

ಭಾವನ ಡಬ್ಬಿಗೆ ಬರೋಣ. ಸೆಟ್ ₹20,000, ಜಿಎಸ್‌ಟಿ ₹3,600, ಒಟ್ಟು ₹23,600. ಮೊಬೈಲ್ ಸೆಟ್ಟಿನ ಮೇಲೆ ಮೊದಲು 12% ಇತ್ತು, 2020ರ ಏಪ್ರಿಲ್ 1ರಿಂದ 18% ಆಯಿತು.

ಕಂಪನಿ ಹೆಸರಿನ ಬಿಲ್ ಇದ್ದಿದ್ದರೆ ₹3,600 ಇನ್‌ಪುಟ್ ಸಿಗುತ್ತಿತ್ತು. ಅಂಗಡಿಯಲ್ಲಿ "ಬಿ-ಟು-ಬಿ ಬಿಲ್ ಕೊಡಿ", ಅಂದರೆ ವ್ಯಾಪಾರಸ್ಥರಿಗೆ ಕೊಡುವ ಬಿಲ್, ಅಂತ ಹೇಳಿ, ಜಿಎಸ್‌ಟಿ ನಂಬರ್ ಮೊದಲೇ ಕೊಡಬೇಕು. ಮನೆಗೆ ಬಂದು ನೆನಪಾದರೆ ಅಂಗಡಿಯವರು ಗೊಣಗುತ್ತಾರೆ, ಅವರು ರಿಟರ್ನ್ ಹಾಕಿದ ಮೇಲಂತೂ ಕೈ ಎತ್ತಿಬಿಡುತ್ತಾರೆ. ಸೆಟ್ಟನ್ನು ಡೈರೆಕ್ಟರ್ ತನ್ನ ಕಾರ್ಡಿನ ಮೇಲೆ ಇಎಂಐಗೆ ತೆಗೆದುಕೊಂಡರೆ ಬಿಲ್ ಅವರ ಹೆಸರಿಗೇ ಬರುವುದು ಜಾಸ್ತಿ. ಬಡ್ಡಿ ಇಲ್ಲ ಅನ್ನೋ ಖುಷಿಯಲ್ಲಿ ₹3,600 ಕಳೆದುಕೊಂಡಿರುತ್ತಾರೆ.

ಉಳಿದ ₹20,000ವನ್ನು ಒಂದೇ ಸಲ ಖರ್ಚು ಅಂತ ಬರೆಯಲು ಬರುವುದಿಲ್ಲ. ಅದು ಆಸ್ತಿ. ಆದಾಯ ತೆರಿಗೆಗೆ ವರ್ಷಕ್ಕೆ 15% ಸವಕಳಿ, ಅಂದರೆ ಸವೆದ ಬೆಲೆ ಅಂತ ಅಷ್ಟನ್ನು ಮಾತ್ರ ಖರ್ಚು ತೋರಿಸಬಹುದು. ಫೋನು ಕಂಪ್ಯೂಟರ್ ತರಹವೇ ಅಲ್ವಾ, 40% ಹಾಕಿ ಅನ್ನುವವರಿದ್ದಾರೆ. ಹಾಕಬಾರದು, ಅದು ಕಂಪ್ಯೂಟರಿಗೆ ಮಾತ್ರ. ಮೊದಲ ವರ್ಷ ₹3,000 ಸವಕಳಿ, ಉಳಿಯುವ ತೆರಿಗೆ ₹755. ಎರಡನೇ ವರ್ಷ ಉಳಿದ ₹17,000ದ ಮೇಲೆ ₹2,550. ಹೀಗೆ ಇಳಿಯುತ್ತಾ ಹೋಗುತ್ತದೆ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಮಾತ್ರ. ದೀಪಾವಳಿ ಆಫರಿನಲ್ಲಿ ಕೊಂಡ ಫೋನುಗಳಿಗೆಲ್ಲ ಅರ್ಧವೇ ಗತಿ. ಇನ್ನೊಂದು: ಇನ್‌ಪುಟ್ ತೆಗೆದುಕೊಂಡ ಮೇಲೆ ಸವಕಳಿಯನ್ನು ₹20,000ದ ಮೇಲೆ ಲೆಕ್ಕ ಹಾಕಬೇಕು, ₹23,600ರ ಮೇಲಲ್ಲ. ಎರಡೂ ಕಡೆ ತಿನ್ನಲು ಬಿಡುವುದಿಲ್ಲ.

ಇನ್ನು ನಗದು. ನಮ್ಮ ಕಡೆ ವ್ಯಾಪಾರದಲ್ಲಿ ಕ್ಯಾಶ್ ಇನ್ನೂ ಗಟ್ಟಿ. ಆದರೆ ಒಂದು ದಿನ ಒಬ್ಬರಿಗೆ ₹10,000ಕ್ಕಿಂತ ಜಾಸ್ತಿ ನಗದು ಕೊಟ್ಟು ಆಸ್ತಿ ಕೊಂಡರೆ ಆ ಹಣವನ್ನು ಆಸ್ತಿಯ ಬೆಲೆಯಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸವಕಳಿಯೂ ಹೋಯಿತು. ಭಾವ ₹23,600ನ್ನೂ ನಗದಾಗಿ ಎಣಿಸಿ ಕೊಟ್ಟಿದ್ದರು. ಕಂಪನಿ ಹೆಸರಿನ ಬಿಲ್ ತಂದಿದ್ದರೂ ಉಪಯೋಗ ಕಮ್ಮಿಯೇ ಇತ್ತು. ಕಂಪನಿಯ ಕರೆಂಟ್ ಅಕೌಂಟಿನಿಂದ ಯುಪಿಐ ಮಾಡಿದ್ದರೆ ಎಲ್ಲ ಸಲೀಸು.

ಕಂಪನಿ ಫೋನಿನಲ್ಲಿ ಹೆಂಡತಿಗೆ ಫೋನ್ ಮಾಡಬಹುದಾ ಅಂತ ಕೇಳುತ್ತಾರೆ. ಮಾಡಬಹುದು. ಕಂಪನಿ ನೌಕರನಿಗೆ ಕೊಡುವ ಸವಲತ್ತುಗಳಲ್ಲಿ ಹಲವಕ್ಕೆ ಬೆಲೆ ಕಟ್ಟಿ ಅವನ ಸಂಬಳಕ್ಕೆ ಸೇರಿಸುತ್ತಾರೆ. ನೌಕರನ ಪರವಾಗಿ ಮಾಡಿದ ಟೆಲಿಫೋನ್, ಮೊಬೈಲ್ ಖರ್ಚನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಸಂಬಳ ತೆಗೆದುಕೊಳ್ಳುವ ಡೈರೆಕ್ಟರಿಗೂ ಅದೇ. ಹಾಗಂತ ಫ್ಯಾಮಿಲಿ ಪ್ಲಾನ್ ಹಾಕಿಸಿ, ಹೆಂಡತಿಗೊಂದು, ಪಿಯುಸಿ ಓದುವ ಮಗನಿಗೊಂದು ಸಿಮ್ ಕೊಟ್ಟು ಕಂಪನಿಯಿಂದ ಕಟ್ಟಿಸಬೇಡಿ. ಮೂರನೆಯವನಿಗೂ ನಿಮ್ಮ ಮಗನ ಇನ್‌ಸ್ಟಾಗ್ರಾಮಿಗೂ ಏನು ಸಂಬಂಧ? ಅದು ಕಂಪನಿಯ ಖರ್ಚೂ ಅಲ್ಲ, ಇನ್‌ಪುಟ್‌ಗೂ ಬರುವುದಿಲ್ಲ.

ನಂಬರ್ ಯಾರದು?

ಈಗ ಆ ದೊಡ್ಡ ಕಾರಣ. ಭಾವ-ಮೈದುನ ಇಬ್ಬರಿಗೂ ಹೊಂದಾಣಿಕೆ ಇದ್ದಾಗ ಕಂಪನಿಯ ಹಳೇ ನಂಬರಿನ ಸಿಮ್ಮೂ ಮೈದುನನ ಹೆಸರಲ್ಲಿರುವುದು ಯಾರಿಗೂ ತಲೆನೋವಾಗಿರಲಿಲ್ಲ. ಆ ನಂಬರ್ ಪ್ರತಿ ಪ್ಯಾಂಟಿನ ಟ್ಯಾಗ್ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ, ಲಾರಿ ಆಫೀಸಿನ ಪುಸ್ತಕದಲ್ಲಿ ಇತ್ತು. ಮುಂಬೈ, ಹೈದರಾಬಾದಿನ ಪಾರ್ಟಿಗಳು ಅದೇ ವಾಟ್ಸಾಪಿಗೆ ಆರ್ಡರ್ ಕಳಿಸುತ್ತಿದ್ದರು. ಆಮೇಲೆ ವಾಷಿಂಗ್ ಯೂನಿಟ್ ವಿಷಯಕ್ಕೆ ಮಾತು ಬೆಳೆಯಿತು. ಮೈದುನ ಹೊರಟ. ನಂಬರ್ ಅವನ ಜೇಬಿನಲ್ಲೇ ಹೋಯಿತು.

"ಆ ನಂಬರಿಗೆ ಆರು ವರ್ಷ ಬಿಲ್ ಕಟ್ಟಿದ್ದು ಕಂಪನಿ" ಅಂತ ಭಾವ ಕೂಗಾಡಿದರು. ಕಟ್ಟಿದ್ದು ನಿಜ, ನನ್ನ ಟ್ಯಾಲಿ ಲೆಕ್ಕದಲ್ಲೇ ಇದೆ. ಮೊಬೈಲ್ ಸೇವೆಯವರಿಗೆ ಬಿಲ್ ಯಾರು ಕಟ್ಟಿದರು ಅನ್ನೋದು ಬೇಕಿಲ್ಲ. ಅವರ ದಾಖಲೆಯಲ್ಲಿ ಗ್ರಾಹಕ ಯಾರು ಅನ್ನೋದಷ್ಟೇ ಬೇಕು. ಗ್ರಾಹಕ ಮೈದುನ. ಅವನು ಅದನ್ನು ಪೋರ್ಟ್ ಮಾಡಿಸಬಹುದು, ಬಂದ್ ಮಾಡಿಸಬಹುದು, ಅದರಲ್ಲೇ ಹೊಸ ವ್ಯಾಪಾರ ಶುರು ಮಾಡಬಹುದು. ಅವನು ಮಾಡಿದ್ದು ಮೂರನೆಯದನ್ನು.

ತಿಂಗಳಿಗೆ 67 ರೂಪಾಯಿಯ ಮುಂದೆ ಇದನ್ನಿಟ್ಟು ನೋಡಿ. ನನ್ನನ್ನು ಕೇಳಿದರೆ, ಸಣ್ಣ ಕಂಪನಿ ಸಿಮ್ಮನ್ನು ತನ್ನ ಹೆಸರಿಗೆ ಮಾಡಿಸಬೇಕಾದದ್ದು ಇದಕ್ಕಾಗಿ. ಇನ್‌ಪುಟ್ ಬಂದರೆ ಅದು ಮೇಲುಸಂಪಾದನೆ.

ಆದರೆ ಎಲ್ಲ ನಂಬರನ್ನೂ ಕಂಪನಿಗೆ ಬರೆದುಕೊಡುವುದೂ ತಪ್ಪು. ನಿಮ್ಮ ಆಧಾರ್‌ಗೆ, ಸ್ವಂತ ಪ್ಯಾನ್‌ಗೆ, ಸ್ವಂತ ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರ್ ನಿಮ್ಮ ಹೆಸರಲ್ಲೇ ಇರಲಿ. ಡೈರೆಕ್ಟರಿನ ಗುರುತಿನ ಸಂಖ್ಯೆಯಾದ ಡಿನ್‌ನ ಕೆವೈಸಿಗೂ ಅವರ ಸ್ವಂತ ಮೊಬೈಲ್ ನಂಬರನ್ನೇ ಕೇಳುತ್ತಾರೆ. ನಾಳೆ ನೀವೇ ಕಂಪನಿ ಬಿಟ್ಟರೆ ನಿಮ್ಮ ಆಧಾರಿನ ಒಟಿಪಿ ಕಂಪನಿಯ ಕೈಗೆ ಹೋಗಬಾರದಲ್ಲ. ಗಿರಾಕಿಗೆ ಕೊಡುವ ನಂಬರ್ ಕಂಪನಿಯದ್ದು, ಒಟಿಪಿ ಬರುವ ಸ್ವಂತ ನಂಬರ್ ನಿಮ್ಮದು. ಎರಡು ಸಿಮ್ ಹಾಕುವ ಫೋನು ಈಗ ಎಲ್ಲರ ಹತ್ತಿರವೂ ಇದೆ.

ಮಾಡಿಸುವುದು ಹೇಗೆ?

ಮೊದಲು ಕಂಪನಿಯ ಲೆಟರ್‌ಹೆಡ್ ತೆಗೆದುಕೊಂಡು ಹೋಗಿ ಐವತ್ತು ಸಿಮ್ ಒಟ್ಟಿಗೆ ತರುತ್ತಿದ್ದರು. ಅದನ್ನು ಬಲ್ಕ್ ಕನೆಕ್ಷನ್ ಅನ್ನುತ್ತಿದ್ದರು. ಅಂಥ ಸಿಮ್‌ಗಳು ಮೋಸಗಾರರ ಕೈ ಸೇರತೊಡಗಿದ ಮೇಲೆ 2023ರ ಡಿಸೆಂಬರ್ 1ರಿಂದ ಅದನ್ನು ನಿಲ್ಲಿಸಿ ಬಿಸಿನೆಸ್ ಕನೆಕ್ಷನ್ ಅಂತ ಮಾಡಿದರು. ಈಗ ಕಂಪನಿಯ ಕೆವೈಸಿ ಒಂದು, ಸಿಮ್ ಬಳಸುವ ಪ್ರತಿಯೊಬ್ಬರ ಕೆವೈಸಿ ಬೇರೆ. ಆಮೇಲೆಯೇ ಸಿಮ್ ಚಾಲೂ. ಆ ಸಿಮ್ಮನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟರೆ ಅವನ ಕೆವೈಸಿಯನ್ನೂ ಮಾಡಿಸಬೇಕು. ಸುಮ್ನೆ ಕೈ ಬದಲಾಯಿಸಬೇಡಿ. ನಾಳೆ ಆ ನಂಬರಿನಿಂದ ಏನಾದರೂ ಎಡವಟ್ಟಾದರೆ ಪೊಲೀಸರು ಬರುವುದು ದಾಖಲೆಯಲ್ಲಿ ಇರುವವನ ಮನೆಗೆ.

ಕಾಗದ ಏನು ಬೇಕು ಅಂದರೆ ಕಂಪನಿಯ ಇನ್‌ಕಾರ್ಪೊರೇಷನ್ ಸರ್ಟಿಫಿಕೇಟ್, ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಇಂಥವರು ಸಹಿ ಹಾಕಬಹುದು ಅಂತ ಬೋರ್ಡ್ ರೆಸಲ್ಯೂಷನ್, ಸಹಿ ಹಾಕುವವರ ಗುರುತಿನ ಚೀಟಿ. ಇಲ್ಲೊಂದು ತಮಾಷೆ ಇದೆ. ನಮ್ಮೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಅದಕ್ಕೂ ಹಳೆಯ ಕಂಪನಿಗಳ ಸರ್ಟಿಫಿಕೇಟಿನಲ್ಲಿ ಬ್ರಿಟಿಷರ ಕಾಲದ ಸ್ಪೆಲಿಂಗ್, ಜಿಎಸ್‌ಟಿಯಲ್ಲಿ ಹೊಸದು. ಹೊಸಪೇಟೆಯವರದ್ದು ಇನ್ನೂ ಮಜಾ. 2021ರಲ್ಲಿ ವಿಜಯನಗರ ಜಿಲ್ಲೆಯಾದರೂ ಕೆಲವು ಕಾಗದಗಳಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ಇದೆ. ಕೌಂಟರಿನ ಹುಡುಗ ವಿಳಾಸ ಮ್ಯಾಚ್ ಆಗಲಿಲ್ಲ ಅಂತ ವಾಪಸ್ ಕಳಿಸುತ್ತಾನೆ. ಮೊದಲು ಜಿಎಸ್‌ಟಿ ಸರ್ಟಿಫಿಕೇಟಿನ ವಿಳಾಸ ಸರಿ ಮಾಡಿಸಿಕೊಂಡೇ ಹೋಗಿ.

ಈಗಾಗಲೇ ನಿಮ್ಮ ಹೆಸರಲ್ಲಿ ಓಡುತ್ತಿರುವ ನಂಬರನ್ನೂ ಕಂಪನಿಗೆ ವರ್ಗಾಯಿಸಬಹುದು. ಅದೇ ಸೇವೆಯಲ್ಲಿ ಇದ್ದುಕೊಂಡು ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು, ಬಿಟ್ಟುಕೊಡುವವರೂ ತೆಗೆದುಕೊಳ್ಳುವವರೂ ಕೆವೈಸಿ ಮಾಡಿಸಬೇಕು. ಪೋರ್ಟಿಂಗ್ ಆಮೇಲೆ. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟ್ ಮಾಡಲು ಬಿಡುವುದಿಲ್ಲ. ಕಂಪನಿ ಹೆಸರಿನ ನಂಬರನ್ನು ಪೋರ್ಟ್ ಮಾಡಿಸಲು ಕಂಪನಿಯ ಸಹಿ ಇರುವ ಪತ್ರ ಬೇಕು. ಪತ್ರ ಇಲ್ಲದೆ ಯಾವ ಮೈದುನನೂ ಒಯ್ಯಲಾಗದು.

ಸೆಟ್ ಕಳೆದರೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಸೆಟ್ಟಿನ ಗುರುತಿನ ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿ. ಅದಕ್ಕೆ ಖರೀದಿ ಬಿಲ್ ಕೇಳುತ್ತಾರೆ, ಜೋಪಾನವಾಗಿಡಿ. ಕಳೆದುಹೋದ ವಸ್ತುವಿನ ಮೇಲೆ ತೆಗೆದುಕೊಂಡ ಇನ್‌ಪುಟ್ಟನ್ನು ವಾಪಸ್ ಕಟ್ಟಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಸೆಟ್ಟನ್ನು ಡೈರೆಕ್ಟರ್ ಮನೆಗೆ ಇಟ್ಟುಕೊಳ್ಳುವುದಾದರೆ ಕಂಪನಿ ಅವರಿಗೆ ಜಿಎಸ್‌ಟಿ ಹಾಕಿ ಬಿಲ್ ಮಾಡಬೇಕು.

ಭಾವನ ಆ ಡಬ್ಬಿಯನ್ನು ನಾನು ಕಂಪನಿ ಲೆಕ್ಕಕ್ಕೆ ಹಾಕಲಿಲ್ಲ. ಸಿಮ್ ಮಾತ್ರ ಹೊಸದು ಮಾಡಿಸಿದೆವು, ಕಂಪನಿ ಹೆಸರಲ್ಲಿ. ಹಳೇ ನಂಬರ್ ಅಚ್ಚಾಗಿದ್ದ ಟ್ಯಾಗ್‌ಗಳ ಎರಡು ಪೆಟ್ಟಿಗೆ ಶೆಡ್ಡಿನಲ್ಲಿ ಉಳಿದಿತ್ತು. ಬಿಸಾಡಲು ಮನಸ್ಸಾಗಲಿಲ್ಲ. ಪ್ಯಾಕಿಂಗ್ ಹೆಂಗಸರು ಒಂದೊಂದರ ಮೇಲೂ ಹೊಸ ನಂಬರಿನ ಸ್ಟಿಕ್ಕರ್ ಅಂಟಿಸುತ್ತಾ ಕೂತಿದ್ದಾರೆ. ಸ್ಟಿಕ್ಕರಿನ ಬಿಲ್ ಕಂಪನಿ ಹೆಸರಲ್ಲೇ ಇದೆ, ನೋಡಿದೆ.